ಹೂ ನೋಡದ ಬಳ್ಳಿ

ಹೊಳೆಯ ದಂಡೆಯಲ್ಲಿ ಮುರಿಗಯ್ಯನವರ ಆಶ್ರಮ. ಹಿಂದೆ ಒಂದು ಸಣ್ಣ ಕಾಡು. ಶಿಷ್ಯ ಈರಭದ್ರ ಅಲ್ಲಿ ಗಿಡಮೂಲಿಕೆಯ ವಿದ್ಯೆ ಕಲಿಯುತ್ತಿದ್ದ.

ಗುರುಗಳ ಕಟ್ಟಳೆ ಎರಡೇ. ಯಾವ ಗಿಡವಾದರೂ ಚಿಗುರಿನಲ್ಲಿ, ಹೂವಿನಲ್ಲಿ, ಕಾಯಿಯಲ್ಲಿ ನೋಡಿದ ಮೇಲೆಯೇ ಅದರ ಬೇರು ಅಗೆಯಬೇಕು. ಶಿಷ್ಯ ಅರೆದ ಮೊದಲ ಮದ್ದನ್ನು ಗುರುವೇ ಕುಡಿಯಬೇಕು, ಆಮೇಲೆ ರೋಗಿ.

ಈರಭದ್ರನಿಗೋ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಆತುರ. ಒಂದು ಬೇಸಿಗೆಯ ಬೆಳಿಗ್ಗೆ ಜ್ವರದ ಮಗುವನ್ನು ಎತ್ತಿಕೊಂಡು ಒಬ್ಬ ತಾಯಿ ಬಂದು ಜಗಲಿಯಲ್ಲಿ ಕೂತಳು. ಅವನು ಕಾಡಿಗೆ ಓಡಿದ. ಒಣಗಿದ ಬಳ್ಳಿಯೊಂದರ ಬೇರು ಅಗೆದು ತಂದ, ಅರೆದು ಬಟ್ಟಲಲ್ಲಿ ಗುರುಗಳ ಮುಂದಿಟ್ಟ.

ಗುರುಗಳು ಬಟ್ಟಲನ್ನು ಮೂಗಿನ ಹತ್ತಿರ ಹಿಡಿದರು.

“ಇದರ ಎಲಿ ನೋಡೀಯೇನು?”

“ಮಳೆಗಾಲದಾಗ ನೋಡೀನ್ರಿ ಅಜ್ಜಾರ.”

“ಹೂವು?”

“ಹೂ ಬಿಡೋ ಹೊತ್ತಿಗೆ ತಂಗಿ ಮದುವಿಗೆ ಹೋಗಿದ್ದೆ.”

“ಕಾಯಿ?”

“ಚಳಿ ಭಾಳ ಇತ್ರಿ. ಕಾಡಿಗೆ ಹೋಗ್ಲಿಲ್ಲ.”

“ಇಂಥಾದ್ದೇ ಎಲಿ ಇರೋ ಇನ್ನೊಂದು ಬಳ್ಳಿ ಐತಿ ಅಂತ ಹೇಳಿದ್ದೆ. ಮದ್ದಿನ ಬಳ್ಳಿಗೆ ಬಿಳಿ ಹೂವು, ಅದಕ್ಕ ಹಳದಿ. ಅದರ ಬೇರು ತಿಂದವರು ಸಂಜೀ ನೋಡಂಗಿಲ್ಲ. ನೆನಪೈತೇನು?”

ಈರಭದ್ರನಿಗೆ ನೆನಪಿತ್ತು. ಅಗೆಯುವಾಗಲೂ ನೆನಪಿತ್ತು. ಬಿಳಿ ಹೂವಿನದೇ ಇರಬೇಕು ಎಂದುಕೊಂಡು ಅಗೆದಿದ್ದ.

“ಇದು ಯಾವುದು?”

“ಗೊತ್ತಿಲ್ರಿ.”

ಗುರುಗಳು ಬಟ್ಟಲನ್ನು ತುಟಿಗೆ ತಂದರು. ಈರಭದ್ರ ಹಾರಿ ಬಂದು ಎರಡೂ ಕೈಯಿಂದ ಅವರ ಮಣಿಕಟ್ಟು ಹಿಡಿದ.

“ಬ್ಯಾಡ್ರಿ ಅಜ್ಜಾರ, ನಿಮ್ಮ ಕಾಲಿಗೆ ಬೀಳ್ತೀನಿ.”

ಗುರುಗಳು ಕೈ ಕೊಡವಿಕೊಂಡರು. ಅರ್ಧ ಬಟ್ಟಲು ಗಟಗಟನೆ ಕುಡಿದರು.

ಈರಭದ್ರ ಕಂಗಾಲಾಗಿ ನಿಂತ. ಕೈಯಾರೆ ಗುರುವನ್ನು ಕೊಂದೆನಲ್ಲ ಎಂದು ಕುಸಿದು ಕೂತ. ಅಳತೊಡಗಿದ.

ಗುರುಗಳು ಬಾಯಿ ಒರೆಸಿಕೊಂಡರು.

“ಇದು ಬಿಳಿ ಹೂವಿನ ಬಳ್ಳೀದು. ಈ ವಾಸನಿ ನನಗ ನಲವತ್ತು ವರ್ಷದಿಂದ ಗೊತ್ತು.”

ಹೋದ ಜೀವ ಬಂದಂತಾಯಿತು. ಈರಭದ್ರ ಕಣ್ಣೊರೆಸಿಕೊಂಡ. ಉಳಿದ ಮದ್ದನ್ನು ಎತ್ತಿಕೊಂಡು ಜಗಲಿಯ ಕಡೆ ತಿರುಗಿದ.

“ಹಂಗಾದ್ರ ಕೂಸಿಗೆ ಕುಡಿಸ್ಲೇನ್ರಿ?”

ಗುರುಗಳು ಬಟ್ಟಲನ್ನು ಅವನ ಕೈಯಿಂದ ಇಸಿದುಕೊಂಡರು.

“ನಾ ಕುಡಿಯೋವಾಗ ನನ್ನ ಕೈ ಹಿಡಿದಿ. ಆ ತಾಯಿ ಕೂಸಿಗೆ ಕುಡಿಸೋವಾಗ, ಆಕಿ ಕೈ ಹಿಡೀತಿದ್ದಿಯೇನು?”