ಸೋಪಿನ ಡಬ್ಬಿಯ ಎರಡು ಮುಚ್ಚಳ

ಸೋಪಿನ ಡಬ್ಬಿ ಒತ್ತುವ ಮಷೀನಿನೊಳಗೆ ಕೈ ಹೋಗದಂತೆ ಹಾಕಿದ್ದ ಕಾವಲು ಬಾಗಿಲಿಗೆ ಇದ್ದದ್ದು ಒಂದೇ ಕೀಲಿ, ಅದು ಮ್ಯಾನೇಜರ್ ವಾಮನರಾವ್ ಸೊಂಟದಲ್ಲಿ. ಕೆಲಸ ಬೇಗ ಸಾಗಲೆಂದು ಅವನೇ ಬಾಗಿಲು ತೆಗೆಸಿಟ್ಟ. ಕೀಲಿ ಜಾರಿ ಅಚ್ಚಿನೊಳಗೆ ಬಿತ್ತು. "ತಗಿ" ಎಂದ. ಮಷೀನು ನಡೆಸುತ್ತಿದ್ದ ನೀಲವ್ವ ಕೈ ಹಾಕಿದಳು, ಅಚ್ಚು ಮುಚ್ಚಿತು. ಎರಡು ಬೆರಳು ಹೋದವು, ಅಚ್ಚಿನಲ್ಲಿ ತಗ್ಗು ಬಿತ್ತು.

ವಾಮನರಾವ್ ಕೀಲಿಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆರಳು ಕಳಕೊಂಡವಳ ಮೇಲೇ ತಪ್ಪು ಹೊರಿಸಿದ: "ಹೇರ್‌ಪಿನ್ನಿನಿಂದ ಅವಳೇ ಬಾಗಿಲು ತೆಗೆದಳು." ಅವಳ ಕೆಲಸವೂ ಹೋಗುವುದರಲ್ಲಿತ್ತು.

ಆಮೇಲೆ ಬೆಸುಗೆಯವನನ್ನು ಕರೆದ. "ನಾಳೆ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರ್ತಾನ. ಅಚ್ಚಿನಾಗಿನ ತಗ್ಗು ಮುಚ್ಚು. ಗುರುತು ಉಳಿದ್ರ ನೀನೂ ಮನೀಗೆ."

"ಕೂದಲೆಳಿಯಷ್ಟೂ ಉಳಿಯಂಗಿಲ್ರಿ."

ತಗ್ಗಿನ ಮೇಲೆ ತೆಳ್ಳನೆಯ ಉಕ್ಕಿನ ಹಾಳೆ ಇಟ್ಟು, ಚಿಟಿಚಿಟಿ ಕರೆಂಟು ಕೊಟ್ಟು ಬೆಸೆದ, ಉಜ್ಜಿದ. ಅಚ್ಚು ಕನ್ನಡಿಯಾಯಿತು.

ಇನ್‌ಸ್ಪೆಕ್ಟರ್ ಬಂದರು. "ನೋಡ್ರಿ, ಒಂದು ಗೆರಿನೂ ಇಲ್ಲ!" ವಾಮನರಾವ್ ಎದೆಯುಬ್ಬಿಸಿದ.

"ರಿಪೇರಿಗೆ ಮುಂಚೆ ಒಂದು, ಆಮೇಲೆ ಒಂದು ಮುಚ್ಚಳ ಒತ್ತಿ ತೋರಸೋದು ನಮ್ಮ ರೂಢಿರಿ," ಎಂದು ಬೆಸುಗೆಯವನು ಎರಡನ್ನೂ ಮೇಜಿನ ಮೇಲಿಟ್ಟ. ಎರಡನೆಯದು ನುಣ್ಣಗಿತ್ತು. ಮೊದಲನೆಯದರ ಮೇಲೆ ಹಲ್ಲುಸಮೇತ ಒಂದು ಕೀಲಿಯ ಆಕಾರ ಉಬ್ಬಿ ನಿಂತಿತ್ತು.

ವಾಮನರಾವ್ ಕೈ ತಾನಾಗಿ ಸೊಂಟ ಮುಚ್ಚಿಕೊಂಡಿತು. "ಎಲ್ಲಾ ಮುಚ್ಚು ಅಂದಿದ್ನಲ್ಲೋ!"

ಮುಚ್ಚಳದ ಗುರುತಿಗೆ ಹೋಲಿಸಿ ನೋಡಲು ಇನ್‌ಸ್ಪೆಕ್ಟರ್ ಅವನ ಸೊಂಟದ ಕೀಲಿಗಾಗಿ ಕೈ ಚಾಚಿದರು.

"ಉಕ್ಕಿನ ಗಾಯ ಮುಚ್ಚೀನ್ರಿ," ಎಂದ ಬೆಸುಗೆಯವನು. "ನೀಲವ್ವನ ಕೈಗೆ ಯಾವ ಹಾಳಿ ಇಡ್ಲಿ?"