ಆಡು ಸವರಿದ ಬನ

ಕಡ್ಲಿಬಾವಿಯ ಕೆರೆ ಏರಿ ದಾಟಿದರೆ ಬಸರಿ, ಅತ್ತಿ ಮರಗಳ ಒಂದು ಬನ ಸಿಗುತ್ತದೆ. ನಡುವೆ ಬನದವ್ವನ ಕಲ್ಲು. ಮೇಲೆ ಕೊಂಬೆಗಳು ಒಂದರೊಳಗೊಂದು ಹೆಣೆದುಕೊಂಡಿದ್ದರೂ ಆಳೆತ್ತರದವರೆಗೆ ಒಂದು ರೆಂಬೆಯೂ ಇಲ್ಲ; ಹಗ್ಗ ಹಿಡಿದು ಸವರಿದ ಹಾಗೆ ಒಂದೇ ಮಟ್ಟ. ಯಾವ ತೋಟಗಾರನ ಕೈಚಳಕವೋ ಎಂದು ಬಂದವರು ಬೆರಗಾಗುತ್ತಾರೆ. ಆದರೆ ಈ ಮರಗಳಿಗೆ ಇಂದಿಗೂ ಕೊಡಲಿ ತಾಗಿಲ್ಲ.

ಹಿಂದೆ ಒಮ್ಮೆ, ಇಲ್ಲಿನ ಕೊಂಬೆಗಳು ನೆಲ ಗುಡಿಸುತ್ತಿದ್ದ ಕಾಲದಲ್ಲಿ, ಊರಿನ ಫಕ್ಕೀರವ್ವನ ಗಂಡ ತೀರಿಕೊಂಡ. ಭಾವ ಗುಡದಪ್ಪ ಹೊಲ ಪಾಲು ಮಾಡಿ, ಬಿಸಿಲು ಬೀಳುವುದನ್ನೆಲ್ಲ ತಾನಿಟ್ಟುಕೊಂಡು, ಬನದ ಪಡುವಣ ಮಗ್ಗುಲಿನ ನೆರಳಿನ ಪಟ್ಟಿಯನ್ನು ಅವಳಿಗೆ ಕೊಟ್ಟ. ತಂಪಾದ ಹೊಲ ಕೊಟ್ಟಿದ್ದೇನೆ ಎಂದನಂತೆ, ಪುಣ್ಯಾತ್ಮ! ಆ ತಂಪಿನಲ್ಲಿ ಜೋಳ ಬಿಳಿಚಿಕೊಂಡು, ತೆನೆ ಕಟ್ಟದೆ ನೆಲಕ್ಕೆ ಮಲಗಿತು. ಇನ್ನೊಂದು ಬೆಳೆ ಹೀಗೇ ಹೋದರೆ ಮಕ್ಕಳನ್ನು ಕಟ್ಟಿಕೊಂಡು ಅವಳು ಊರು ಬಿಡಬೇಕಿತ್ತು. ಬಾಗಿದ ಕೊಂಬೆಗಳನ್ನಷ್ಟೇ ಕಡಿಯಲು ಬಿಡಿ ಎಂದು ಹಿರಿಯರನ್ನು ಬೇಡಿದಳು. ಬನಕ್ಕೆ ಕಬ್ಬಿಣ ಮುಟ್ಟಿಸಬಾರದೆಂಬ ಬನದವ್ವನ ಕಟ್ಟಳೆಯನ್ನು ಎಲ್ಲರಿಗಿಂತ ಮೊದಲು ನೆನಪಿಸಿದವನು ಗುಡದಪ್ಪನೇ.

ಒಂದು ಮುಂಜಾನೆ ಅವಳು ಬದುವಿನ ಮೇಲೆ ಕೂತಿದ್ದಾಗ, ತವರಿನವರು ಕೊಟ್ಟಿದ್ದ ಆಡುಗಳಲ್ಲೊಂದು ಹಿಂಗಾಲಲ್ಲಿ ನಿಂತು ಬಸರಿ ಎಲೆಗೆ ಬಾಯಿ ಹಾಕಿತು. ಬನದ ಎಲೆಯೆಂದು ಹೆದರಿ ಅವಳು ಕೋಲೆತ್ತಿದಳು. ಅಷ್ಟರಲ್ಲಿ ಆಡು ಬೋಳಿಸಿದ ಸಂದಿಯಿಂದ ಅಂಗೈಯಗಲ ಬಿಸಿಲು ಮಣ್ಣಿಗೆ ಬಿತ್ತು. ಕೋಲು ತಾನಾಗಿ ಕೆಳಗಿಳಿಯಿತು. ಅಂದಿನಿಂದ ಆಡುಗಳನ್ನು ಅಲ್ಲೇ ಮೇಯಿಸಿದಳು. ಎಲೆ ಹೋದ ರೆಂಬೆಗಳು ಒಣಗಿದವು, ಒಣಗಿದ್ದನ್ನು ಕೈಯಿಂದ ಮುರಿದು ಒಲೆಗೆ ಹಾಕಿದಳು. ಬರಬರುತ್ತಾ ಎಳೆಬಿಸಿಲು ಮರಗಳ ಕೆಳಗಿಂದಲೇ ನುಗ್ಗಿ ಹೊಲವನ್ನೆಲ್ಲ ತುಂಬಿತು. ಮರುವರ್ಷ ಜೋಳ ಮುಷ್ಟಿಗಾತ್ರದ ತೆನೆ ಬಿಟ್ಟಿತು ಎನ್ನುತ್ತಾರೆ.

ಗುಡದಪ್ಪನಿಗೆ ಹೊಟ್ಟೆಯುರಿ ತಡೆಯಲಾಗಲಿಲ್ಲ. ಕಟ್ಟಳೆ ಮುರಿದಳೆಂದು ಊರ ಹಿರಿಯ ಚನವೀರಜ್ಜನನ್ನು ಬನಕ್ಕೆ ಎಳೆತಂದ. ಅಜ್ಜ ಒಂದೊಂದೇ ಮರ ಮುಟ್ಟಿ ನೋಡಿದ. ಕೊಡಲಿಯ ಗಾಯ ಎಲ್ಲಿಯೂ ಇರಲಿಲ್ಲ. ಹೊಲದಲ್ಲಿದ್ದ ಫಕ್ಕೀರವ್ವನನ್ನು ಕರೆದು ಕೇಳಿದ.

“ಯಾರು ಸವರಿದ್ರವ್ವಾ ಇದನ್ನ?”

“ನನ್ನ ಆಡುರೀ ಯಜ್ಜಾ. ಕಬ್ಬಿಣ ಹಿಡಿಯಾಕ ಅವಕ್ಕ ಕೈಯರ ಎಲ್ಲಿ ಅದಾವು?”

ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕ. “ಅವ್ವನ ಕಟ್ಟಳಿ ಕಬ್ಬಿಣಕ್ಕೈತಿ ಗುಡದಪ್ಪ, ಹಲ್ಲಿಗಿಲ್ಲ.”

ಹಾಗಾದರೆ ಹೊಲ ಬದಲಿಸಿಕೊಳ್ಳೋಣವೆಂದು ಗುಡದಪ್ಪ ಮೆಲ್ಲಗೆ ರಾಗ ತೆಗೆದ. ಫಕ್ಕೀರವ್ವ ಸೆರಗು ಸರಿಮಾಡಿಕೊಂಡು, “ಬ್ಯಾಡ ಭಾವಾರ, ನೀವು ಪ್ರೀತೀಲೆ ಆರಿಸಿ ಕೊಟ್ಟ ಹೊಲ. ಹೆಂಗ ಬಿಡ್ಲಿ?” ಎಂದಳು.

ಆಕೆಯ ವಂಶದವರು ಆ ಹೊಲವನ್ನು ಇಂದಿಗೂ ಉಳುತ್ತಾರೆ. ರಾಶಿಯ ಕಾಲಕ್ಕೆ ಹೋದವರು ಒಂದು ಸಂಗತಿ ಕಾಣಬಹುದು: ಹೊಸ ಜೋಳದ ಮೊದಲ ರೊಟ್ಟಿ ಅವರ ಮನೆಯ ಯಾರ ತಾಟಿಗೂ ಬೀಳುವುದಿಲ್ಲ. ಮನೆಯ ಹಿರಿಯ ಹೆಂಗಸು ಅದನ್ನು ಬಿಸಿಬಿಸಿಯಾಗಿ ಬನಕ್ಕೆ ತಂದು, ಮುರಿದು ಮುರಿದು ಆಡುಗಳಿಗೆ ತಿನ್ನಿಸುತ್ತಾಳೆ.