ಗಾಯದೊಳಗೆ ಕೂತು ಹೊಲಿಯುವ ಅವ್ವ

ಕೆರೆಯ ದಂಡೆಯ ಮೇಲೆ ಒಂದು ಹಾಸುಗಲ್ಲು, ಅದಕ್ಕೊಂದು ತಗಡಿನ ಚಪ್ಪರ. ಪೂಜ್ಯ ಹಾಸುಗಲ್ಲಜ್ಜನವರ ಮಠವೆಂದರೆ ಇಷ್ಟೇ. ಬಾಗಿಲೇ ಇರಲಿಲ್ಲ. ಕಳ್ಳರು ಬಂದರೂ ಹೊತ್ತೊಯ್ಯಲು ಅಲ್ಲಿದ್ದದ್ದು ಅಜ್ಜನವರೊಬ್ಬರೇ, ಅವರೂ ‘ಎಲ್ಲಿಗಪಾ?’ ಎಂದು ಕೇಳದೆ ಹೋಗಿಬಿಡುತ್ತಿದ್ದರೇನೋ.

ಆ ವರ್ಷ ಊರದೇವತೆ ಅವ್ವನಿಗೆ ಹೊಸ ಕಲ್ಲಿನ ಮೂರ್ತಿ ಆಗುತ್ತಿತ್ತು. ಶಿಲ್ಪಿ ಮೋನಪ್ಪಾಚಾರ್ಯರು ಕಾಲ್ಬೆರಳಿನಿಂದ ಕಿರೀಟದವರೆಗೆ ಎಲ್ಲ ಕಡೆದು, ಕಣ್ಣೆರಡನ್ನು ಮಾತ್ರ ಉಳಿಸಿ, ಮುಖಕ್ಕೆ ಬಟ್ಟೆ ಕಟ್ಟಿದ್ದರು. ಕಣ್ಣು ತೆರೆಯುವುದು ಹುಣ್ಣಿಮೆಯ ಮುಹೂರ್ತದಲ್ಲೇ, ಅದೂ ಕಡೆದವರ ಕೈಯಿಂದಲೇ. ಹುಣ್ಣಿಮೆಗೆ ಒಂಬತ್ತು ದಿನವಿರುವಾಗ, ಪೀಠ ಕಡೆಯುತ್ತಿದ್ದ ಆಚಾರ್ಯರ ಬಲಗಣ್ಣಿಗೇ ಕಲ್ಲಿನ ಚಕ್ಕೆ ಸಿಡಿಯಿತು.

ಡಾಕ್ಟರು ಚಕ್ಕೆ ತೆಗೆದು, ಔಷಧ ಹಾಕಿ, ಪಟ್ಟಿ ಕಟ್ಟಿ, ‘ಐದು ದಿನ ಬಿಚ್ಚಬೇಡಿ’ ಎಂದರು. ಆಚಾರ್ಯರು ಐದು ತಾಸೂ ತಡೆಯಲಿಲ್ಲ. ಕಾಣುತ್ತದೋ ಇಲ್ಲವೋ ಎಂದು ಬಿಚ್ಚುವುದು, ಗೋಡೆಯ ಕ್ಯಾಲೆಂಡರ್ ಓದಿ ನೋಡುವುದು, ಮತ್ತೆ ಕಟ್ಟುವುದು. ಮೂರನೆಯ ದಿನಕ್ಕೆ ಕಣ್ಣು ಕೆಂಡವಾಯಿತು. ಡಾಕ್ಟರು ಬೈದು, ಹೊಸ ಪಟ್ಟಿ ಕಟ್ಟಿ, ‘ಇನ್ನೊಮ್ಮೆ ಬಿಚ್ಚಿದರೆ ಕಣ್ಣೇ ಹೋಗುತ್ತದೆ’ ಎಂದರು. ಮನೆಗೆ ಬರುತ್ತಲೇ ಕೈ ಮತ್ತೆ ಪಟ್ಟಿಗೇ ಹೋಯಿತು. ಹೆಂಡತಿ ಸಾವಂತ್ರವ್ವನವರು ಆ ಕೈ ಹಿಡಿದುಕೊಂಡೇ ಹಾಸುಗಲ್ಲಿಗೆ ಎಳೆತಂದರು.

‘ಈ ಅಜ್ಜ ಏನ್ ಮಾಡ್ತಾನ? ಬೂದಿ ಊದ್ತಾನ. ಚಲೋ ಇರೂ ಕಣ್ಣೂ ಹೋಗತೈತಿ,’ ಎಂದು ಆಚಾರ್ಯರು ದಾರಿಯುದ್ದಕ್ಕೂ, ಚಪ್ಪರದೊಳಗೆ ಬಂದರೂ ಗೊಣಗಿದರು.

‘ಬೂದಿ ಖಾಲಿ ಆಗೇತಿ. ಕುಂಡ್ರಪಾ,’ ಎಂದರು ಅಜ್ಜನವರು.

ಕಣ್ಣನ್ನು ನೋಡಲೇ ಇಲ್ಲ. ಉಳಿ-ಚಾಣ ಹಿಡಿಯುವ ಎಡಗೈಯ ಹೆಬ್ಬೆರಳನ್ನು ತೆಗೆದುಕೊಂಡರು. ಅಲ್ಲೊಂದು ಹಸಿ ಗಾಯವಿತ್ತು.

‘ಇದು ಎಂದಿಂದು?’

‘ಯುಗಾದಿದ್ರಿ.’

‘ದೀಪಾವಳಿ ಮುಗೀತಲ್ಲ.’

‘ಹಕ್ಕಳಿ ಕಟ್ಟತೈತ್ರಿ, ಕಿತ್ತು ಹೋಗತೈತಿ.’

‘ತಾನ ಎಲ್ಲಿ ಹೋಗತೈತ್ರಿ ಅಜ್ಜಾರ? ಇವರ ಕೀಳ್ತಾರ, ಒಳಗ ಮಾಯ್ದೈತೇನ ನೋಡಾಕ,’ ಎಂದರು ಸಾವಂತ್ರವ್ವನವರು.

ಅಜ್ಜನವರು ಬೆರಳು ಬಿಡಲಿಲ್ಲ. ‘ಅವ್ವನ ಮಾರಿಗೆ ಬಟ್ಟಿ ಕಟ್ಟೀಯಲ್ಲ, ಎಷ್ಟು ಸಲ ಬಿಚ್ಚಿ ನೋಡೀ?’

‘ಶಿವ ಶಿವ. ಮುಹೂರ್ತಕ್ಕ ಮೊದಲ ಯಾರ್ ಬಿಚ್ತಾರ್ರಿ?’

‘ಇಲ್ಲೂ ಆಕೀನ ಅದಾಳ. ಗಾಯದಾಗ ಕುಂತು ಹೊಲಿಯಾಕತ್ತಾಳ. ಇಣಿಕಿ ನೋಡಿದ್ರ ನಾಚಿ ಸೂಜಿ ಕೆಳಗಿಡ್ತಾಳ.’

ಪಟ್ಟಿಯತ್ತ ಹೊರಟಿದ್ದ ಆಚಾರ್ಯರ ಬಲಗೈ ಅರ್ಧಕ್ಕೇ ಕೆಳಗಿಳಿಯಿತು.

ಅಜ್ಜನವರು ತಮ್ಮ ಶಲ್ಯದ ಅಂಚು ಹರಿದು ಒಳ್ಳೆಯ ಕಣ್ಣಿಗೂ ಕಟ್ಟಿದರು. ಒಂದು ನೋಡಿದರೆ ಇನ್ನೊಂದೂ ಒಳಗೊಳಗೇ ಹೊರಳುತ್ತದಂತೆ. ಹೆಬ್ಬೆರಳಿಗೂ ಒಂದು ಚೂರು ಸುತ್ತಿದರು. ಕೈ ಸುಮ್ಮನಿರಬಾರದೆಂದು ಅವ್ವನ ದೀಪಕ್ಕೆ ಬತ್ತಿ ಹೊಸೆಯಲು ಹತ್ತಿ ಕೊಟ್ಟರು. ಕಲ್ಲು ಕಡೆದ ಕೈ ನೋಡಿ. ಮೊದಲ ದಿನದ ಬತ್ತಿಗೆ ಎಮ್ಮೆ ಕಟ್ಟಬಹುದಿತ್ತು. ಐದು ದಿನವೂ ಅಲ್ಲೇ ಇರಿಸಿಕೊಂಡು ಅಜ್ಜನವರೇ ರೊಟ್ಟಿ ಮುರಿದು ಬಾಯಿಗಿಟ್ಟರು. ಊರೆಲ್ಲ ಯಾರ ಪಾದಕ್ಕೆ ಬೀಳುತ್ತಿತ್ತೋ ಆ ಮಹಾತ್ಮರು ಆಚಾರ್ಯರ ಗಡ್ಡಕ್ಕೆ ಮೆತ್ತಿದ ಪಲ್ಯ ಒರೆಸುತ್ತಿದ್ದರು.

ಐದನೆಯ ದಿನ ಬೆಳಿಗ್ಗೆ ಅಜ್ಜನವರು, ‘ಹೊತ್ತಾತು, ಬಿಚ್ಚಪಾ’ ಎಂದರು.

ಆಚಾರ್ಯರ ಕೈ ಮೇಲೇಳಲಿಲ್ಲ. ‘ಇನ್ನೊಂದೀಟು ಇರ್ಲಿ ಅಜ್ಜಾರ. ಆಕಿ ಗಂಟು ಹಾಕಿ ದಾರ ಹರೀಲಿ.’

ಅಜ್ಜನವರ ಕಣ್ಣು ತುಂಬಿ ಬಂತು. ‘ನಿನಗ ಆಗಲೇ ಕಂಡತಲ್ಲೋ,’ ಎಂದರು.

ಹೊತ್ತು ನೆತ್ತಿಗೆ ಬಂದ ಮೇಲೆ ಪಟ್ಟಿ ಬಿಚ್ಚಿದರು. ಮೊದಲು ಬೆಳಕು, ಆಮೇಲೆ ಅಜ್ಜನವರ ಪಾದ. ಕಣ್ಣು ತಿಳಿಯಾಗಿತ್ತು. ಬೆರಳಿನ ಬಟ್ಟೆ ತೆಗೆದರೆ, ಯುಗಾದಿಯಿಂದ ಮಾಯದ ಜಾಗದಲ್ಲಿ ಕೂಸಿನ ತುಟಿಯಂಥ ಹೊಸ ಚರ್ಮ.

‘ಇದು ಯಾವಾಗ ಆತ್ರಿ?’

‘ನೀ ನೋಡದಾಗ.’

ಹುಣ್ಣಿಮೆಯ ದಿನ ಮೋನಪ್ಪಾಚಾರ್ಯರೇ ಅವ್ವನ ಕಣ್ಣು ತೆರೆದರು. ಇಂದಿಗೂ ಜನ ಆ ಕಣ್ಣು ನೋಡಿ ಕೈ ಮುಗಿಯುತ್ತಾರೆ. ಆಚಾರ್ಯರು ಮಾತ್ರ ಮೊದಲು ತಮ್ಮ ಹೆಬ್ಬೆರಳನ್ನು ಕಣ್ಣಿಗೊತ್ತಿಕೊಂಡು, ಆಮೇಲೆ ಮುಗಿಯುತ್ತಾರೆ.